ಪಂಕ್ಚರ್ ಬೀರಯ್ಯನ ಬಲಗಣ್ಣು

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೊರಟ ಯಾವುದೇ ಗಾಡಿ, ಅದರೊಳಗೆ ಮಂತ್ರಿ ಕುಳಿತಿರಲಿ, ಎಲೆಕೋಸು ಕುಳಿತಿರಲಿ, ಊರು ಬಿಡುವ ಮುಂಚೆ ಚಿಕ್ಕಬೀರಯ್ಯನ ಸನ್ನಿಧಿಯ ಮುಂದೆ ಹಾದುಹೋಗಲೇಬೇಕಿತ್ತು. ಅವನು ಯಾರಿಗೂ ಎದ್ದು ನಿಲ್ಲುತ್ತಿರಲಿಲ್ಲ. ಒಂದರ ಮೇಲೊಂದು ಪೇರಿಸಿದ ಎರಡು ಸವೆದ ಲಾರಿ ಟೈರುಗಳೇ ಅವನ ಸಿಂಹಾಸನ, ಗಾಳಿ ತುಂಬುವ ಕೊಳವೆಯೇ ರಾಜದಂಡ. ಕುಳಿತಲ್ಲಿಂದಲೇ ಬಲಗಣ್ಣನ್ನು ತುಸು ಕಿರಿದು ಮಾಡಿ, ಬರುವ ಗಾಡಿಯ ಚಕ್ರಗಳನ್ನು ಒಮ್ಮೆ ನೋಡಿ, ತೀರ್ಪು ಹೊರಡಿಸುತ್ತಿದ್ದ: ಹಿಂದಿನ ಎಡಗಡೆಯದು ಬಂಡೀಪುರ ದಾಟುವುದಿಲ್ಲ. ತೀರ್ಪಿಗೆ ತಲೆಬಾಗಿದವರು ಇಳಿದು ಪಂಕ್ಚರ್ ಹಾಕಿಸಿಕೊಂಡು ಸುಖವಾಗಿ ಊಟಿ ಸೇರುತ್ತಿದ್ದರು. ನಕ್ಕು ಮುಂದೆ ಹೋದವರು ಅರ್ಧ ಗಂಟೆ ಕಳೆದ ಮೇಲೆ ಕಾಡಿನ ನಡುವೆ ಜಾಕು ಹಿಡಿದು ನಿಂತು, ರಸ್ತೆಯಾಚೆ ಕಿವಿ ಬೀಸುತ್ತಿದ್ದ ಆನೆಗೆ ತಮ್ಮ ಕಷ್ಟ ವಿವರಿಸುತ್ತಿದ್ದರು. ಹಾಗೆ ವಿವರಿಸಿ ಮರಳಿ ಬಂದವರೆಲ್ಲ ಅವನ ಪರಮ ಭಕ್ತರಾದರು. ಸುಲ್ತಾನ್ ಬತ್ತೇರಿಯ ಲಾರಿ ಡ್ರೈವರುಗಳಂತೂ ಅವನನ್ನು ಬೀರೇಟ್ಟ ಎಂದು ಕರೆದು ತಮ್ಮ ಭಾಷೆಯಲ್ಲಿ ಅಣ್ಣನ ಪಟ್ಟ ಕಟ್ಟಿದ್ದರು.

ಈ ಎಲ್ಲ ತೀರ್ಪುಗಳೂ ಬಲಗಣ್ಣಿನಿಂದಲೇ ಹೊರಡಬೇಕಿತ್ತು, ಏಕೆಂದರೆ ಎಡಗಣ್ಣು ಇಪ್ಪತ್ತು ವರ್ಷದ ಹಿಂದೆಯೇ ಹೋಗಿತ್ತು. ಲಾರಿ ಚಕ್ರಕ್ಕೆ ಗಾಳಿ ತುಂಬುವಾಗ ಅದರ ಕಬ್ಬಿಣದ ಬಳೆ ಸಿಡಿದು ಬಂದು ಬಡಿದಿತ್ತು. ಇನ್ನೊಬ್ಬನಾಗಿದ್ದರೆ ಆ ಕಸುಬನ್ನೇ ಬಿಡುತ್ತಿದ್ದ. ಬೀರಯ್ಯ ಆರು ವಾರ ಬಿಟ್ಟು ಮತ್ತೆ ಅದೇ ಜಾತಿಯ ಚಕ್ರದ ಮುಂದೆ ಕುಳಿತ. ಯಾರಾದರೂ ಅನುಕಂಪ ತೋರಿಸಲು ಬಂದರೆ ಅವನ ಉತ್ತರ ಸಿದ್ಧವಾಗಿತ್ತು: ಚಕ್ರ ಓಲಾಡುವುದು ಒಂದು ಕಣ್ಣು ಮುಚ್ಚಿ ನೋಡಿದರೇ ಗೊತ್ತಾಗುವುದು, ನೀವು ಪ್ರತಿ ಸಲ ಮುಚ್ಚಬೇಕು, ನನಗೆ ದೇವರು ಒಂದೇ ಸಲಕ್ಕೆ ಮುಚ್ಚಿ ಕೆಲಸ ಹಗುರ ಮಾಡಿದ್ದಾನೆ.

ಅವನ ಜೀವದ ಗೆಳೆಯ ಶಾಂತಮಲ್ಲಪ್ಪ. ತೆರಕಣಾಂಬಿಯ ಒಂದೇ ಬೀದಿಯವರು. ಶಾಂತಮಲ್ಲಪ್ಪ ತನ್ನ ಟೆಂಪೊದಲ್ಲಿ ವಾರಕ್ಕೆ ನಾಲ್ಕು ಸಲ ಊಟಿಗೆ ಹೋಗಿ ಬರುತ್ತಿದ್ದ. ಹೋಗುವಾಗ ಟೊಮೆಟೊ, ಬರುವಾಗ ಕ್ಯಾರೆಟ್ಟು, ಎರಡೂ ಹೊತ್ತು ಬಾಯಲ್ಲಿ ಬಾಳೆಕಾಯಿ ಚಿಪ್ಸು. ಗುಂಡ್ಲುಪೇಟೆಯಲ್ಲಿ ಕೊಂಡ ಚಿಪ್ಸಿನ ಪೊಟ್ಟಣ ಊಟಿ ಮುಟ್ಟುವ ಹೊತ್ತಿಗೆ ಡೋಲಿನಂತೆ ಬಿಗಿದುಕೊಳ್ಳುವುದನ್ನು ಕಂಡು, ಊಟಿಯ ಚಳಿಗೆ ಪೊಟ್ಟಣವೂ ಸೆಟೆದುಕೊಳ್ಳುತ್ತದೆ ಎಂದು ಅವನು ನಂಬಿದ್ದ. ಬೀರಯ್ಯ ಆ ಮೂಢನಂಬಿಕೆಯನ್ನು ಹತ್ತು ಜನರ ಮುಂದೆ ಒಡೆದುಹಾಕಿದ್ದ. ಮೇಲಕ್ಕೆ ಹೋದಂತೆಲ್ಲ ಹೊರಗಿನ ಗಾಳಿ ತೆಳುವಾಗುತ್ತದೆ, ಅದರ ಒತ್ತು ತಪ್ಪಿದ್ದೇ ತಡ ಒಳಗೆ ಸಿಕ್ಕಿಕೊಂಡ ಗಾಳಿ ಕಾಲು ಚಾಚಿ ಮಲಗಲು ನೋಡುತ್ತದೆ, ಅಷ್ಟೇ. ಅದಕ್ಕೇ ಅವನು ಊಟಿಗೆ ಹೋಗುವ ಟೈರಿಗೆ ಎರಡು ಪೌಂಡು ಗಾಳಿ ಕಡಿಮೆಯೇ ತುಂಬುತ್ತಿದ್ದ. ಈ ಜ್ಞಾನವನ್ನು ಅವನು ಬೇಕಾದವರಿಗೂ ಬೇಡವಾದವರಿಗೂ ಸಮನಾಗಿ ಹಂಚುತ್ತಿದ್ದ. ಇದೇ ಜ್ಞಾನ ಅವನಿಗೆ ಅತಿ ಅಗತ್ಯವಾದ ದಿನ ಅವನ ತಲೆಯಿಂದ ಇಳಿದು ಎಲ್ಲಿಗೋ ಹೋಗಿತ್ತು ಎನ್ನುವುದೇ ಈ ಕಥೆಯ ಸ್ವಾರಸ್ಯ.

ಎರಡು ಸಾವಿರದ ಏಳನೇ ಇಸವಿಯ ಆಷಾಢ. ಒಂದು ಬೆಳಿಗ್ಗೆ ಟ್ಯೂಬು ಅದ್ದುವ ನೀರಿನ ತೊಟ್ಟಿಯಲ್ಲಿ ಮಸಿ ತೇಲುತ್ತಿರುವುದು ಬೀರಯ್ಯನಿಗೆ ಕಂಡಿತು. ನೀರು ಚೆಲ್ಲಿ ಹೊಸ ನೀರು ತುಂಬಿದ. ಅದರಲ್ಲೂ ಮಸಿ. ತಲೆಯೆತ್ತಿ ಆಕಾಶ ನೋಡಿದರೆ ಅಲ್ಲೂ ಅದೇ ಮಸಿ, ಗಾಳಿಗೆ ಹಾರುವಂತೆ ಕಣ್ಣು ಹೊರಳಿದ ಕಡೆಗೆಲ್ಲ ಹೊರಳುತ್ತಿತ್ತು. ಸಂಜೆ ಹೊತ್ತಿಗೆ ಕಣ್ಣಿನ ಮೂಲೆಯಲ್ಲಿ ಯಾರೋ ವೆಲ್ಡಿಂಗ್ ಮಾಡಿದಂತೆ ಮಿಂಚು. ಮರುದಿನ ಮೂಗಿನ ಕಡೆಯಿಂದ ಒಂದು ಕಪ್ಪು ಪರದೆ ಮೆಲ್ಲಗೆ ಒಳಗೆ ಸರಿಯಿತು. ಅವನು ಯಾರಿಗೂ ಹೇಳಲಿಲ್ಲ. ಊರಿನವರ ಚಕ್ರಗಳಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಡಂಗುರ ಸಾರುತ್ತಿದ್ದವನು ತನ್ನದನ್ನು ಮಾತ್ರ ಮುಚ್ಚಿಟ್ಟ.

ಹಿಡಿದದ್ದು ಅವನ ಹೆಂಡತಿ ಪುಟ್ಟಸಿದ್ದಮ್ಮ. ತಟ್ಟೆಯ ಬಲಗಡೆಯ ಮುದ್ದೆ ಖಾಲಿಯಾಗಿ, ಎಡಗಡೆಯ ಅವರೆಕಾಳು ಪಲ್ಯ ಬಡಿಸಿದಂತೆಯೇ ಉಳಿದಿತ್ತು. ಅವರೆಕಾಳು ಬಿಟ್ಟೇಳುವ ಗಂಡಸಲ್ಲ ಅವನು. ಅವಳು ಏನೂ ಕೇಳದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಅವನು, ಓ, ಪಲ್ಯ ಹಾಕಿದ್ದೀಯಾ ಎಂದು ಸಂತೋಷದಿಂದ ತಿನ್ನತೊಡಗಿದ. ಮೊದಲ ಬಸ್ಸಿಗೇ ಅವಳು ಅವನನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿನ ಕಣ್ಣಿನ ಡಾಕ್ಟರು ಹನಿ ಬಿಟ್ಟು, ದೀಪ ಹಿಡಿದು ನೋಡಿದರು. ಆಮೇಲೆ, ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರಬೇಕಾದ ಪರದೆ ಹರಿದು ಎದ್ದು ಬರುತ್ತಿದೆ, ನಡುಭಾಗ ಇನ್ನೂ ಅಂಟಿಕೊಂಡಿದೆ, ಅದೂ ಬಿಟ್ಟರೆ ನೋಟ ಪೂರ್ತಿ ಮರಳುವ ಭರವಸೆಯಿಲ್ಲ ಎಂದರು. ಇರುವುದು ಒಂದೇ ಕಣ್ಣು, ನಾಳೆ ಅನ್ನಬೇಡಿ, ಇಲ್ಲಿಂದಲೇ ಮೈಸೂರು ಬಸ್ಸು ಹತ್ತಿ ಎಂದು ಚೀಟಿ ಬರೆದುಕೊಟ್ಟರು.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಶಿವರಂಜಿನಿ ಎಂಬ ಹೆಣ್ಣುಮಗಳು ಅವನ ಕಣ್ಣನ್ನು ಮೇಲೆ ಕೆಳಗೆ ಓರೆ ಕೋರೆ ಮಾಡಿಸಿ ನೋಡಿ, ಕಾಗದದ ಮೇಲೆ ಒಂದು ದುಂಡನೆಯ ಚಿತ್ರ ಬರೆದು, ಅದರಲ್ಲಿ ಕೆಂಪು ಗುರುತು ಹಾಕತೊಡಗಿದಳು. ಸಾಮಾನ್ಯವಾಗಿ ಈ ಹಂತದಲ್ಲಿ ರೋಗಿಗಳು ಅಳುತ್ತಾರೆ, ಇಲ್ಲವೇ ದೇವರನ್ನು ಕರೆಯುತ್ತಾರೆ. ಬೀರಯ್ಯ ಬಗ್ಗಿ ಕೇಳಿದ:

"ತೂತು ಎಷ್ಟವೆ ತಾಯಿ? ಎಲ್ಲೆಲ್ಲವೆ?"

ಡಾಕ್ಟರಮ್ಮ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಮೂರು ಇವೆ, ಮೇಲೆ ಎರಡು, ಒಂದು ತುಂಬಾ ಹಿಂದಕ್ಕೆ, ಆ ಹಿಂದಿನದೇ ದೊಡ್ಡದು ಎಂದಳು. ಬೀರಯ್ಯ ಮಂಡಿಯ ಮೇಲೆ ಕೈಯೂರಿ ಸರಿಯಾಗಿ ಕುಳಿತ. ಇಷ್ಟು ಹೊತ್ತೂ ರೋಗಿಯಾಗಿದ್ದವನು ಈಗ ಸಹೋದ್ಯೋಗಿಯಾಗಿದ್ದ.

ಅವಳು ತೆಂಗಿನಕಾಯಿ ಗಾತ್ರದ ಪ್ಲಾಸ್ಟಿಕ್ ಕಣ್ಣೊಂದನ್ನು ಮೇಜಿನ ಮೇಲಿಟ್ಟು ರಿಪೇರಿಯ ದಾರಿಗಳನ್ನು ವಿವರಿಸಿದಳು. ಮೊದಲನೆಯದು, ಹೊರಗಿನಿಂದ ಮಾಡುವುದು. ತೂತಿರುವ ಜಾಗವನ್ನು ಹೊರಗಡೆಯಿಂದ ಮಂಜುಗಟ್ಟಿಸಿ ಅಂಟುವಂತೆ ಮಾಡಿ, ಕಣ್ಣುಗುಡ್ಡೆಯ ಮೇಲೆ ಸಿಲಿಕೋನಿನ ಪಟ್ಟಿ ಹೊಲಿದು, ಗೋಡೆಯನ್ನೇ ಒಳಕ್ಕೆ ಒತ್ತಿ ಪರದೆಗೆ ತಾಗಿಸುವುದು. ಬೀರಯ್ಯನ ಮುಖ ಅರಳಿತು. ಇದು ಕೋಲ್ಡ್ ಪ್ಯಾಚು, ಹೊರಗಿನಿಂದ ಹಾಕುವ ಪ್ಯಾಚು, ಇಪ್ಪತ್ತೈದು ವರ್ಷದಿಂದ ಅವನು ಪ್ರಚಾರ ಮಾಡಿಕೊಂಡು ಬಂದ ಧರ್ಮ. ಎರಡನೆಯದು, ಸೂಜಿಯಲ್ಲಿ ಒಂದು ಗುಳ್ಳೆ ಗ್ಯಾಸು ಬಿಟ್ಟು, ಆ ಗುಳ್ಳೆ ತೂತನ್ನು ಒತ್ತುವಂತೆ ತಲೆಯನ್ನು ಹಿಡಿದು ಕೂರುವುದು. ಮೇಲಿನ ಒಂದೇ ಸಣ್ಣ ತೂತಿಗಾದರೆ ಅದು ಸಾಕು. ಬೀರಯ್ಯ ತಲೆಯಾಡಿಸಿದ. ಅದು ರಸ್ತೆಬದಿಯ ತುರ್ತು ಕೆಲಸ, ಊರು ಮುಟ್ಟಿಸುತ್ತದೆ, ಊಟಿ ಮುಟ್ಟಿಸುವುದಿಲ್ಲ. ಮೂರನೆಯದು, ಕಣ್ಣಿನೊಳಕ್ಕೇ ಹೋಗುವುದು. ಕೂದಲೆಳೆಯಂಥ ಸಲಕರಣೆ ತೂರಿಸಿ, ಒಳಗಿನ ಲೋಳೆಯನ್ನೆಲ್ಲ ಕತ್ತರಿಸಿ ತೆಗೆದು, ಪರದೆಯ ಹಿಂದೆ ಸೇರಿದ ನೀರು ಹೀರಿ, ಪರದೆಯನ್ನು ನೆಲಕ್ಕೆ ಚಾಪೆ ಹಾಸಿದಂತೆ ಹಾಸಿ, ತೂತಿನ ಸುತ್ತ ಲೇಸರಿನಿಂದ ಸುಟ್ಟು ಅಂಟಿಸಿ, ಕೊನೆಗೆ ಗ್ಯಾಸನ್ನೋ ಎಣ್ಣೆಯನ್ನೋ ತುಂಬುವುದು.

ಟೈರನ್ನು ಪೂರಾ ಬಿಚ್ಚಿ, ಒಳಗಿನಿಂದ ಗೇಟರು ಕೊಟ್ಟು, ಬಿಸಿ ಪ್ಯಾಚು ಹಾಕಿದ ಹಾಗೆ ಎಂದು ಬೀರಯ್ಯ ಒಪ್ಪಿದ. ಗೇಟರೆಂದರೆ ಒಡೆದ ಟೈರಿನೊಳಗೆ ಕೊಡುವ ಒಳತೇಪೆ ಎಂದು ಡಾಕ್ಟರಮ್ಮನಿಗೆ ಪಾಠವನ್ನೂ ಹೇಳಿದ. ಆದರೆ ತನಗೆ ಮೊದಲನೆಯದೇ ಆಗಬೇಕು, ಹೊರಗಿನಿಂದ ಆಗುವ ಕೆಲಸಕ್ಕೆ ಒಳಗೆ ಬಿಚ್ಚುವವನು ಕೆಲಸಗಾರನೇ ಅಲ್ಲ ಎಂದು ತೀರ್ಪು ಕೊಟ್ಟ.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಹೊರಗಿನ ಪಟ್ಟಿ ಒಳ್ಳೆಯ ಕೆಲಸವೇ, ಲೋಳೆ ಗಟ್ಟಿಯಿರುವ ಹರೆಯದವರಿಗೆ, ಮುಂಭಾಗದ ತೂತಿಗೆ ಎಷ್ಟೋ ಸಲ ಅದನ್ನೇ ಆರಿಸುತ್ತೇನೆ ಎಂದಳು. ಆದರೆ ಇವನಲ್ಲಿ ಲೋಳೆ ಸಡಿಲಗೊಂಡು, ಹರಿದ ಅಂಚನ್ನು ಹಿಡಿದು ಇನ್ನೂ ಜಗ್ಗುತ್ತಿತ್ತು, ಹಿಂದಿನ ತೂತಿಗೆ ಪಟ್ಟಿ ಸರಿಯಾಗಿ ಎಟುಕುವುದೂ ಇಲ್ಲ. ಆಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು:

"ಬೀರಯ್ಯನವರೇ, ಟೈರಿನೊಳಗೆ ಮೊಳೆ ಹಾಗೇ ಇದೆ. ನೀವು ಟ್ಯೂಬಿಗೆ ಮಾತ್ರ ಪ್ಯಾಚ್ ಹಾಕಿ ಗಾಡಿ ಕಳಿಸ್ತೀರಾ?"

ಕಾಲು ಶತಮಾನದಲ್ಲಿ ಊಟಿ ರಸ್ತೆಯ ಚಕ್ರಾಧಿಪತಿ ವಾದದಲ್ಲಿ ಸೋತದ್ದು ಇದೇ ಮೊದಲು. ಪುಟ್ಟಸಿದ್ದಮ್ಮ ಆ ಡಾಕ್ಟರಮ್ಮನನ್ನು ನೋಡಿದ ನೋಟದಲ್ಲಿ ಭಕ್ತಿಯಿತ್ತು.

"ಇಲ್ಲ ತಾಯಿ," ಎಂದ ಬೀರಯ್ಯ. "ಮೊಳೆ ಕಿತ್ಬುಡಿ."

ಉಳಿದದ್ದು ಗ್ಯಾಸೋ ಎಣ್ಣೆಯೋ ಎಂಬ ಪ್ರಶ್ನೆ. ಎಣ್ಣೆಯಾದರೆ ಬೇಗ ಅಷ್ಟಿಷ್ಟು ಕಾಣುತ್ತದೆ, ಒಂಟಿ ಕಣ್ಣಿನವರಿಗೆ ಅದೊಂದು ಅನುಕೂಲ, ಆದರೆ ಕೆಲವು ತಿಂಗಳ ನಂತರ ತೆಗೆಯಲು ಮತ್ತೆ ಆಪರೇಷನ್ ಆಗಬೇಕು. ಗ್ಯಾಸಾದರೆ ಎರಡು ತಿಂಗಳಲ್ಲಿ ತಾನೇ ಕರಗಿ ಹೋಗುತ್ತದೆ, ಆದರೆ ಮೊದಮೊದಲು ಬೆಳಕು ಬಿಟ್ಟು ಏನೂ ಕಾಣದು, ಹತ್ತು ದಿನ ಬೋರಲೇ ಇರಬೇಕು. ಎರಡೂ ನಡೆಯುತ್ತದೆ, ನೀವೇ ಹೇಳಿ ಎಂದಳು ಡಾಕ್ಟರಮ್ಮ. ಬೀರಯ್ಯ ಯೋಚಿಸಲೂ ಇಲ್ಲ. ಎಣ್ಣೆ ತುಂಬಿದ ಟ್ಯೂಬನ್ನು ತಾನು ಜೀವಮಾನದಲ್ಲಿ ಕಂಡಿಲ್ಲ, ಗಾಳಿಯೇ ಆಗಲಿ ಎಂದ. ಆಗ ಅವಳು ಗ್ಯಾಸಿನ ಕಟ್ಟಳೆಗಳ ಹಾಳೆಯನ್ನು ಓದಿ ಹೇಳಿದಳು. ಅಂಗಾತ ಮಲಗಬಾರದು, ವಿಮಾನ ಹತ್ತಬಾರದು, ಗ್ಯಾಸು ಪೂರ್ತಿ ಕರಗುವವರೆಗೆ ಎತ್ತರದ ಜಾಗಗಳಿಗೆ ಹೋಗಬಾರದು. ವಿಮಾನ ಎಂದದ್ದು ಕೇಳಿ ತೆರಕಣಾಂಬಿಯ ದಂಪತಿಗಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಮುಂದಿನ ಸಾಲು ಅರ್ಧ ಕೊಚ್ಚಿಹೋಯಿತು. ಉಳಿದರ್ಧದಿಂದ, ಊಟಿಗೆ ಹೋಗಬಾರದು ಎಂದಷ್ಟೇ ಅರ್ಥ ಮಾಡಿಕೊಂಡರು.

ಮರುದಿನ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಪುಟ್ಟಸಿದ್ದಮ್ಮ ಬೆಂಚಿನ ಮೇಲೆ ಕುಳಿತು ಗೋಪಾಲಸ್ವಾಮಿ ಬೆಟ್ಟದ ಒಡೆಯನಿಗೆ ಹರಕೆ ಹೊತ್ತಳು. ಇವನ ಕಣ್ಣು ಉಳಿಸಿಕೊಡು, ಶ್ರಾವಣದ ಮೂರನೇ ಶನಿವಾರ ಕರೆತಂದು ನಿನ್ನ ಮುಂದೆ ನಿಲ್ಲಿಸುತ್ತೇನೆ, ಇದೇ ಕಣ್ಣಲ್ಲಿ ನಿನ್ನನ್ನು ನೋಡಲಿ. ಆ ಬೆಟ್ಟ ಗುಂಡ್ಲುಪೇಟೆಯವರಿಗೆ ಎತ್ತರದ ಜಾಗವಲ್ಲ. ಹಿತ್ತಿಲಿನಲ್ಲಿ ನಿಂತರೆ ಕಾಣುವ ದೇವರ ಮನೆ. ಎತ್ತರದ ಜಾಗವೆಂದರೆ ಸ್ವೆಟರು ಹಾಕಿಕೊಂಡು ಹೋಗುವಂಥದ್ದು.

ಇನ್ನು ಹತ್ತು ದಿನಗಳ ಬೋರಲು ಶಯನದ ಪರ್ವ. ಲೋಕವೆಲ್ಲ ತಲೆಯೆತ್ತಿ ಬಾಳಬೇಕೆಂದು ಹಾತೊರೆಯುತ್ತಿದ್ದರೆ, ಬೀರಯ್ಯ ಮೂಗನ್ನು ನೆಲದ ಕಡೆಗೆ ಇಟ್ಟುಕೊಂಡು ಉಣ್ಣಬೇಕು, ಮಲಗಬೇಕು, ಕಕ್ಕಸಿಗೂ ಹಾಗೇ ನಡೆಯಬೇಕು. ಮೊದಲ ದಿನ ದಿಂಬಿನಲ್ಲಿ ಉಸಿರುಕಟ್ಟಿ ಒದ್ದಾಡಿದ. ಎರಡನೇ ದಿನ ಅವನೊಳಗಿನ ಕಸುಬುದಾರ ಎದ್ದು ಕುಳಿತ. ಪುಟ್ಟಸಿದ್ದಮ್ಮನಿಂದ ಸ್ಕೂಟರಿನ ಹೊಸ ಟ್ಯೂಬೊಂದನ್ನು ತರಿಸಿ, ಹದವಾಗಿ ಗಾಳಿ ತುಂಬಿಸಿ, ಹತ್ತಿಯ ಪಂಚೆ ಸುತ್ತಿಸಿ, ನವಾರಿನ ಮಂಚದ ತಲೆಕಡೆ ನಾಲ್ಕು ಪಟ್ಟಿ ಸಡಿಲಿಸಿ ಅಲ್ಲಿ ಕೂರಿಸಿದ. ಹಣೆ ಮತ್ತು ಗಲ್ಲ ಟ್ಯೂಬಿನ ಮೇಲೆ, ಕಣ್ಣು ಮೂಗು ಬಾಯಿ ನಡುವಿನ ಕಿಂಡಿಯಲ್ಲಿ. ಗಾಳಿ ಜಾಸ್ತಿಯಾದರೆ ಕುತ್ತಿಗೆ ನೋವು, ಕಡಿಮೆಯಾದರೆ ಮೂಗಿಗೆ ಪೆಟ್ಟು ಎಂದು ದಿನಕ್ಕೆರಡು ಸಲ ತಾನೇ ವಾಲ್ವು ಒತ್ತಿ ಸರಿಪಡಿಸುತ್ತಿದ್ದ. ಮುಂದಿನ ತಪಾಸಣೆಗೆ ಹೋದಾಗ ಅದನ್ನು ಡಾಕ್ಟರಮ್ಮನಿಗೂ ತೋರಿಸಿದ. ಅವಳು ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿ, ಇನ್ನೊಬ್ಬ ರೋಗಿಗೆ ಬೇಕಾಗಿದೆ, ಒಂದು ಮಾಡಿಕೊಡುತ್ತೀರಾ ಎಂದು ಕೇಳಿದಳು.

ಶಾಂತಮಲ್ಲಪ್ಪ ದಿನಾ ಸಂಜೆ ಬರುತ್ತಿದ್ದ. ಗೆಳೆಯನ ಬೆನ್ನಿನೊಂದಿಗೆ ಮಾತಾಡಿ ಬೇಸತ್ತು, ಮೂರನೇ ದಿನ ಟೆಂಪೊ ಕೆಳಗೆ ನುಸುಳುವಂತೆ ಮಂಚದ ಕೆಳಗೆ ನುಸುಳಿ, ಅಂಗಾತ ಮಲಗಿ, ಕಿಂಡಿಯಿಂದ ಇಳಿಬಿದ್ದಿದ್ದ ಮುಖವನ್ನು ನೋಡಿದ.

"ಏನ್ಲಾ ಬೀರ, ನಿನ್ನ ಎಂಜಿನ್ ಆಯಿಲ್ ನನ್ ಮ್ಯಾಲೆ ಸೋರ್ತಾ ಅದೆ."

"ಬಾಯ್ ಮುಚ್ಕಂಡು ಮನಿಕಳ್ಲಾ. ಇಷ್ಟೊಂದು ಹತ್ರದಿಂದ ನಿನ್ ಮೂತಿ ನೋಡ್ಬೇಕಾಗಿತ್ತು. ದೇವ್ರು ದೊಡ್ಡೋನು, ಏನೂ ಕಾಣಾಕಿಲ್ಲ."

ಹೀಗೆ ಒಬ್ಬ ಕವುಚಿ, ಒಬ್ಬ ಅಂಗಾತ, ಇಬ್ಬರೂ ದೇಶದ ಸಮಸ್ಯೆಗಳನ್ನು ಬಗೆಹರಿಸುತ್ತಿದ್ದರು. ಪುಟ್ಟಸಿದ್ದಮ್ಮ ಬಾಗಿಲಲ್ಲಿ ಕುಳಿತು ಬೀದಿಯವರ ಸೈಕಲ್ಲು, ಮೊಪೆಡ್ಡುಗಳಿಗೆ ಪಂಕ್ಚರ್ ಹಾಕುತ್ತಿದ್ದಳು. ಬೀರಯ್ಯ ಒಳಗಿಂದಲೇ ಉಜ್ಜುವ ಸದ್ದು ಕೇಳಿ, ಇನ್ನೂ ನುಣುಪಿದೆ, ಉಜ್ಜು, ಸಲ್ಯೂಷನ್ ಒಣಗಲಿ ಎನ್ನುತ್ತಿದ್ದ. ಅವಳಿಗೆ ಸಿಟ್ಟು ಬಂದ ದಿನ ಬೇಕೆಂದೇ ಬರಿಯ ಕಲ್ಲಿನ ಮೇಲೆ ಉಜ್ಜಿ ಸದ್ದು ಮಾಡುತ್ತಿದ್ದಳು. ಅವನು, ಭೇಷ್, ಈಗ ಹದ ಬಂತು ಎಂದರೆ ಅವಳಿಗೆ ಆ ದಿನದ ದುಡಿಮೆ ಸಾರ್ಥಕ.

ಹತ್ತು ದಿನ ಕಳೆದು ತಲೆಯೆತ್ತಿದಾಗ ಮೇಲೆ ಮಾತ್ರ ಒಂದು ತೆಳು ಬೆಳಕಿನ ಪಟ್ಟಿ ತೆರೆದಿತ್ತು. ಅದರ ಕೆಳಗೆ ನೀರಿನ ಮಟ್ಟದಂತೆ ಒಂದು ಗೆರೆ, ತಲೆ ಅಲ್ಲಾಡಿಸಿದರೆ ಅದೂ ತುಳುಕುತ್ತಿತ್ತು. ಗೆರೆಯ ಕೆಳಗೆಲ್ಲ ಮಸುಕು. ಗ್ಯಾಸು ಕರಗಿದಂತೆ ಗೆರೆ ಇಳಿಯುತ್ತದೆ, ನೋಟ ಮೇಲಿನಿಂದ ಕೆಳಕ್ಕೆ ತೆರೆಯುತ್ತ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಳು. ಹಾಗೇ ಆಯಿತು. ಪ್ರಪಂಚ ಬಾವಿಯ ಮೆಟ್ಟಿಲು ಹತ್ತಿ ಬರುವವರಂತೆ ತಲೆಯಿಂದ ಶುರುವಾಗಿ ಮೇಲೆದ್ದು ಬಂತು. ಮೊದಲು ಪುಟ್ಟಸಿದ್ದಮ್ಮನ ಬೈತಲೆ, ಮರುವಾರ ಅವಳ ಮುಖ. ಆ ಮುಖ ಕಂಡ ದಿನ ಅವನು, ನೀನು ಸೊರಗಿದ್ದೀಯಲ್ಲ ಎಂದ. ಅವಳು ಒಲೆ ಊದುವ ನೆಪದಲ್ಲಿ ಒಳಗೆ ಹೋದಳು.

ಶಾಂತಮಲ್ಲಪ್ಪನ ಅಂಗಿಯ ಗುಂಡಿಗಳೇ ಅವನ ಅಳತೆಗೋಲಾದವು. ದಿನಾ ಅವನನ್ನು ನಾಲ್ಕು ಮಾರು ದೂರ ಎದುರಿಗೆ ನಿಲ್ಲಿಸಿ, ತಾನು ನೆಟ್ಟಗೆ ಕುಳಿತು ಎಣಿಸುತ್ತಿದ್ದ. ಶ್ರಾವಣದ ಎರಡನೇ ಶನಿವಾರ ಎರಡು ಗುಂಡಿ. ಮೂರನೇ ಶನಿವಾರದ ಬೆಳಿಗ್ಗೆ ಮೂರು.

ಆ ಬೆಳಿಗ್ಗೆಯೇ ಮೂವರೂ ಟೆಂಪೊ ಹತ್ತಿದರು. ಪುಟ್ಟಸಿದ್ದಮ್ಮನ ಮಡಿಲಲ್ಲಿ ಹಣ್ಣು ಕಾಯಿಯ ಬುಟ್ಟಿ, ಬುಟ್ಟಿಯ ಮೇಲೆ ಶಾಂತಮಲ್ಲಪ್ಪನ ಅನಿವಾರ್ಯವಾದ ಚಿಪ್ಸಿನ ಪೊಟ್ಟಣ. ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯ ಗೇಟು ದಾಟುವವರೆಗೆ ಬೀರಯ್ಯ ರಾಜಗಾಂಭೀರ್ಯದಿಂದ ಕುಳಿತು, ಮುಂದೆ ಹೋಗುತ್ತಿದ್ದ ಜೀಪುಗಳ ಟೈರುಗಳ ಬಗ್ಗೆ ತೀರ್ಪು ಕೊಡಲು ಯತ್ನಿಸುತ್ತಿದ್ದ. ಜೀಪಿನ ಮೇಲ್ಭಾಗ ಮಾತ್ರ ಕಾಣುತ್ತಿದ್ದುದರಿಂದ ತೀರ್ಪುಗಳಲ್ಲಿ ಮೊದಲಿನ ಖಚಿತತೆ ಇರಲಿಲ್ಲ. ತಿರುವುಗಳು ಶುರುವಾದವು. ಮೂರನೇ ತಿರುವಿನಲ್ಲಿ ಕಣ್ಣು ಬಿಗಿದಂತಾಯಿತು. ಐದನೆಯದರಲ್ಲಿ ಹುಬ್ಬಿನ ಹಿಂದೆ ಯಾರೋ ಹೆಬ್ಬೆರಳು ಒತ್ತಿದಂತೆ ನೋವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊರಟದ್ದಕ್ಕೆ ಇರಬಹುದು ಎಂದು ತುಟಿ ಕಚ್ಚಿಕೊಂಡ. ಹರಕೆ ಹೆಂಡತಿಯದು, ಕಣ್ಣು ದೇವರದು, ನಡುವೆ ತನ್ನದೇನು ತಕರಾರು ಎಂದೂ ಅನ್ನಿಸಿತು.

ತುದಿಗೆ ಇನ್ನು ಮೂರು ತಿರುವು ಬಾಕಿಯಿರುವಾಗ ಎಂಜಿನ್ ಕಾದು ಆವಿ ಉಗುಳಿತು. ಶಾಂತಮಲ್ಲಪ್ಪ ಗಾಡಿ ನಿಲ್ಲಿಸಿ, ನೀರಿನ ಕ್ಯಾನು ಹಿಡಿದು ಇಳಿದು, ಎದುರಿಗೆ ನಾಲ್ಕು ಮಾರು ದೂರದಲ್ಲಿ ಬೆವರೊರೆಸಿಕೊಳ್ಳುತ್ತ ನಿಂತ. ಬೀರಯ್ಯ ಅಭ್ಯಾಸಬಲದಿಂದ ಗುಂಡಿ ಎಣಿಸಿದ. ಎರಡು. ನೆಟ್ಟಗೆ ಕುಳಿತು ಮತ್ತೆ ಎಣಿಸಿದ. ಎರಡೇ. ಅದೇ ಅಂಗಿ, ಅದೇ ಮನುಷ್ಯ, ಬೆಳಿಗ್ಗೆ ಮೂರಿದ್ದದ್ದು. ಇಳಿಯಬೇಕಾದ ಗೆರೆ ಏರಿತ್ತು, ಅದರ ಮೇಲಿನ ನೋಟಕ್ಕೂ ಹೊಗೆ ಕವಿಯುತ್ತಿತ್ತು. ಅವನ ಕೈ ತಾನಾಗಿಯೇ ಹೆಂಡತಿಯ ಮಡಿಲಿನ ಬುಟ್ಟಿಯ ಕಡೆಗೆ ಹೋಗಿ ಚಿಪ್ಸಿನ ಪೊಟ್ಟಣವನ್ನು ಮುಟ್ಟಿತು. ಬೆಟ್ಟದ ಬುಡದಲ್ಲಿ ಮೆತ್ತಗಿದ್ದ ಪೊಟ್ಟಣ ಈಗ ಗಟ್ಟಿಯಾಗಿತ್ತು.

ಇ‌ಪ್ಪತ್ತೈದು ವರ್ಷ ಊರಿಗೆಲ್ಲ ಹಂಚಿದ ಜ್ಞಾನ ಆ ಕ್ಷಣ ಒಡೆಯನ ಬಳಿಗೆ ಮರಳಿ ಬಂತು.

"ಮಲ್ಲಪ್ಪ, ಗಾಡಿ ತಿರುಗ್ಸು," ಎಂದ. ಅವನ ದನಿಯಲ್ಲಿ ಯಾವ ಆಡಂಬರವೂ ಇರಲಿಲ್ಲ. "ಕಣ್ಣೊಳಗಿನ ಗಾಳಿ ಉಬ್ತಾ ಅದೆ. ಇನ್ನೂ ಮ್ಯಾಕ್ಕೆ ಓದ್ರೆ ಇದೂ ಓಯ್ತದೆ."

ಪುಟ್ಟಸಿದ್ದಮ್ಮ ಒಪ್ಪಲಿಲ್ಲ. ದೇವರ ಬಾಗಿಲಿಗೆ ಮೂರು ತಿರುವಿದೆ, ಕಣ್ಣು ಕೊಟ್ಟವನ ಹತ್ತಿರ ಹೋದರೆ ಕಣ್ಣು ಹೋಗುವುದುಂಟೇ, ನಡುದಾರಿಯಲ್ಲಿ ಹರಕೆ ಮುರಿದರೆ ಆಮೇಲೆ ಏನಾದರೂ ಆದರೆ ಯಾರು ಹೊಣೆ, ಗಾಡಿಯಿಂದ ಇಳಿಯದೆ ಐದು ನಿಮಿಷ ನೋಡಿ ಬರಬಹುದಲ್ಲ ಎಂದಳು. ಶಾಂತಮಲ್ಲಪ್ಪನೂ ಕ್ಯಾನು ಹಿಡಿದುಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತ. ಬೀರಯ್ಯ ವಾದಿಸಲಿಲ್ಲ. ಪೊಟ್ಟಣವನ್ನು ಅವಳ ಕೈಗಿಟ್ಟು, ಕೆಳಗೆ ಹೇಗಿತ್ತು, ಈಗ ಹೇಗಿದೆ, ನೀನೇ ನೋಡು ಎಂದ. ಇದೇನು ಮಹಾ ಎಂಬಂತೆ ಅವಳು ಅದನ್ನು ಎರಡೂ ಅಂಗೈ ನಡುವೆ ಒತ್ತಿದಳು.

ಢಬ್ ಎಂದು ಒಡೆಯಿತು. ಚಿಪ್ಸು ಬುಟ್ಟಿಯೊಳಗೆ, ಸೀರೆಯ ನೆರಿಗೆಯೊಳಗೆ, ದೇವರ ಕಾಯಿಯ ಜುಟ್ಟಿನ ಮೇಲೆ ಚೆಲ್ಲಿತು.

ಅವಳು ಹರಿದ ಪೊಟ್ಟಣವನ್ನು ನೋಡಿದಳು. ಗಂಡನ ಕೆಂಪೇರಿದ ಕಣ್ಣನ್ನು ನೋಡಿದಳು. ಆಮೇಲೆ ಬುಟ್ಟಿಯನ್ನು ಸೀಟಿನ ಮೇಲಿಟ್ಟು ಇಳಿದು, ರಸ್ತೆಯ ಅಂಚಿನಲ್ಲಿ ಬೆಟ್ಟದ ತುದಿಗೆ ಮುಖ ಮಾಡಿ ಕೈಮುಗಿದು ನಿಂತಳು.

"ಅಪ್ಪಾ, ಕರ್ಕಬತ್ತೀನಿ ಅಂದಿದ್ನಲ್ಲ, ಆ ಮಾತು ಮಾತೇ. ತಾರೀಕು ಮಾತ್ರ ತಪ್ಪಾಗಿ ಹೇಳ್ಬುಟ್ಟೆ. ಗಾಳಿ ಇಳುದ್ಮ್ಯಾಲೆ ಬತ್ತೀವಿ. ನೀನೇನೂ ಎಲ್ಲೂ ಓಗಾಕಿಲ್ವಲ್ಲ."

ಹತ್ತಿ ಕುಳಿತು, "ತಿರುಗ್ಸಣ್ಣ," ಎಂದಳು.

ತಿರುಗಿಸಲು ಜಾಗವಿದ್ದರೆ ತಾನೇ. ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ, ಹಿಂದೆ ಶ್ರಾವಣದ ಜೀಪುಗಳ ಸಾಲು. ಆಮೇಲೆ ನಡೆದದ್ದನ್ನು ಗುಂಡ್ಲುಪೇಟೆಯ ಡ್ರೈವರುಗಳು ಇವತ್ತಿಗೂ ಟೀ ಅಂಗಡಿಯಲ್ಲಿ ಪುರಾಣದಂತೆ ಹೇಳುತ್ತಾರೆ. ಶಾಂತಮಲ್ಲಪ್ಪ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ, ಹಿಂದಿನವರಿಗೆಲ್ಲ ಗಂಟಲು ಹರಿಯುವಂತೆ ಕೂಗಿ ದಾರಿ ಬಿಡಿಸುತ್ತ, ಆ ಟೆಂಪೊವನ್ನು ಎರಡು ತಿರುವು ಹಿಮ್ಮುಖವಾಗಿಯೇ ಇಳಿಸಿ, ಒಂದು ಅಗಲದ ಜಾಗದಲ್ಲಿ ತಿರುಗಿಸಿ, ನೇರವಾಗಿ ಮೈಸೂರಿಗೆ ಓಡಿಸಿದ. ಬೀರಯ್ಯ ಹಳೆಯ ಅಭ್ಯಾಸದಂತೆ ಮುಖ ಕೆಳಗೆ ಮಾಡಿ ಕುಳಿತಿದ್ದ. ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಹುಬ್ಬಿನ ಹಿಂದಿನ ಹೆಬ್ಬೆರಳು ಸಡಿಲಾಯಿತು.

ಡಾಕ್ಟರ್ ಶಿವರಂಜಿನಿ ಕಣ್ಣಿನ ಒತ್ತಡ ಅಳೆದು, ಹನಿ ಬಿಟ್ಟು, ಗುಳಿಗೆ ನುಂಗಿಸಿ, ಮತ್ತೆ ಅಳೆದು, ದೀಪ ಹಿಡಿದು ಒಳಗೆ ನೋಡಿದಳು. ಪರದೆ ಹಾಸಿದ ಹಾಗೇ ಇತ್ತು. ಇನ್ನೊಂದಿಷ್ಟು ಮೇಲೆ ಹೋಗಿ ಅಲ್ಲೇ ಒಂದು ಗಂಟೆ ಕೂತಿದ್ದರೆ, ಕಣ್ಣು ಉಳಿದಿದೆ ಎಂಬ ಮಾತು ನಾನು ಹೇಳುತ್ತಿರಲಿಲ್ಲ ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿ, ಗುಂಡಿ ಮತ್ತು ಚಿಪ್ಸಿನ ಕಥೆ ಕೇಳಿ, ಪೆನ್ನು ತೆಗೆದು ಕಟ್ಟಳೆಗಳ ಹಾಳೆಯಲ್ಲಿ ಎತ್ತರದ ಜಾಗ ಎಂಬುದರ ಪಕ್ಕದಲ್ಲಿ ಕೈಬರಹದಲ್ಲಿ ಸೇರಿಸಿದಳು: ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟ, ದೇವರಿದ್ದರೂ ಸರಿಯೇ. ಮುಂದೆ ಆ ಹಾಳೆ ಹಾಗೆಯೇ ಅಚ್ಚಾಯಿತು. ಚಾಮರಾಜನಗರದ ಕಡೆಯಿಂದ ಬರುವ ರೋಗಿಗಳು ಈಗ ವಿಮಾನದ ಸಾಲಿಗೆ ನಗುತ್ತಾರೆ, ಮುಂದಿನ ಸಾಲಿಗೆ ಗಂಭೀರವಾಗುತ್ತಾರೆ.

ಮಹಾಲಯದ ಹೊತ್ತಿಗೆ ಬೀರಯ್ಯನ ಕಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಉಳಿದಿತ್ತು. ಒಂದು ದಿನ ಅದೂ ಇರಲಿಲ್ಲ. ಡಾಕ್ಟರಮ್ಮ ಒಳಗೆ ನೋಡಿ, ಗ್ಯಾಸು ಪೂರ್ತಿ ಹೋಗಿದೆ, ಎಲ್ಲಿಗೆ ಬೇಕಾದರೂ ಹತ್ತಿ ಎಂದು ಸಹಿ ಹಾಕಿಕೊಟ್ಟಳು. ಕಾರ್ತಿಕದ ಒಂದು ಸೋಮವಾರ ಮೂವರೂ ಮತ್ತೆ ಟೆಂಪೊ ಹತ್ತಿದರು. ಪುಟ್ಟಸಿದ್ದಮ್ಮ ಶಾಂತಮಲ್ಲಪ್ಪನ ಜೇಬು ತಡವಿ ಚಿಪ್ಸು ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಕೊನೆಯ ಮೂರು ತಿರುವಿನಲ್ಲಿ ಬೀರಯ್ಯ ಕಣ್ಣು ಮುಚ್ಚಿ ಕುಳಿತಿದ್ದ. ಗಾಡಿ ನಿಂತಿತು. ಅವನು ಇಳಿದು, ದೇವರಿಗೆ ಮುಖ ಮಾಡಿ, ಕಣ್ಣು ತೆರೆದ.

ಎಲ್ಲ ಬೆಳ್ಳಗಿತ್ತು. ಮೇಲೂ ಕೆಳಗೂ ಒಂದೇ ಬಿಳುಪು. ಗೆರೆಯಿಲ್ಲ, ಗುಡಿಯಿಲ್ಲ, ತನ್ನ ಕೈಯೂ ಸರಿಯಾಗಿ ಕಾಣುತ್ತಿಲ್ಲ. ಅವನು ಪಕ್ಕಕ್ಕೆ ಕೈಚಾಚಿ ತಡಕಾಡಿದ.

"ಮಲ್ಲಪ್ಪ," ಎಂದ ಮೆಲ್ಲಗೆ. "ನಂಗೇನೂ ಕಾಣಾಕಿಲ್ಲ ಕಣ್ಲಾ."

ಪಕ್ಕದ ಬಿಳುಪಿನಿಂದ ಉತ್ತರ ಬರಲು ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿಯಿತು. "ನಂಗೂ ಕಾಣಾಕಿಲ್ಲ ಕಣ್ಲಾ. ಮಂಜು."

ಬೀರಯ್ಯ ಅವನಿಗೆ ಹೇಳಿದ ಮಾತುಗಳನ್ನು ದೇವರ ಎದುರು ಬರೆಯುವಂತಿಲ್ಲ. ಅಷ್ಟರಲ್ಲಿ ಗಾಳಿ ಬೀಸಿ ಮಂಜು ಹರಿಯಿತು. ಮೊದಲು ಗೋಪುರ, ಆಮೇಲೆ ಗೋಡೆ, ಆಮೇಲೆ ಮೆಟ್ಟಿಲು, ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ಕಾಯುತ್ತಿದ್ದ ಪುಟ್ಟಸಿದ್ದಮ್ಮ, ಅವಳ ಸೀರೆಯ ಅಂಚು, ಬರಿಗಾಲಿನ ಬೆರಳು. ಎಲ್ಲ ಇತ್ತು, ತಲೆಯಿಂದ ಕಾಲಿನವರೆಗೆ. ಬಾ ಎಂದು ಅವಳು ಕೈಬೀಸಿದಳು. ಅವನು ಹೊರಟವನು ಮೆಟ್ಟಿಲ ಬುಡದಲ್ಲಿ ನಿಂತು, ಹಿಂದಕ್ಕೆ ತಿರುಗಿ, ಹದಿನೈದು ಮಾರು ಆಚೆ ನಿಂತಿದ್ದ ಟೆಂಪೊವನ್ನು ಬಲಗಣ್ಣು ಕಿರಿದು ಮಾಡಿ ನೋಡಿದ.

"ಹಿಂದ್ಲು ಬಲಗಡೇದು," ಎಂದ. "ಮೊಳೆ ಕುಂತದೆ. ಇಳಿಯೋ ಮುಂಚೆ ಬಿಚ್ಚು."

ಶಾಂತಮಲ್ಲಪ್ಪ ನಂಬದೆ ಹೋಗಿ ಟೈರಿನ ಪಕ್ಕ ಮಂಡಿಯೂರಿ ಬೆರಳಾಡಿಸಿದ. ಬೀರಯ್ಯ ನೋಡುತ್ತ ನಿಲ್ಲಲಿಲ್ಲ. ಅವನು ಆಗಲೇ ಮೆಟ್ಟಿಲು ಹತ್ತುತ್ತಿದ್ದ, ಹೆಂಡತಿಯ ಮಾತು ಉಳಿಸಲು.